ದೂರು ಕೊಟ್ಟ ಗಳಿಗೆಯಿಂದ

*ಯಲಹಂಕ ಉಪನಗರದಲ್ಲಿ ಇದ್ದೇವೆ. ಯಜಮಾನರು ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾರೆ, ರಾತ್ರಿ ಪಾಳಿಯೇ ಹೆಚ್ಚು. ನಾನು ಯಶವಂತಪುರದಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುತ್ತೇನೆ. ಒಬ್ಬಳೇ ಮಗಳು, ಒಂಬತ್ತನೇ ಕ್ಲಾಸು, 14 ವರ್ಷ. ಹೋದ ವಾರ ನನ್ನ ಖಾತೆಯಿಂದ ಎರಡು ಸಾವಿರ ಹೋಗಿತ್ತು. ಕೇಳಿದ್ದಕ್ಕೆ ಮೊದಲು ಏನೋ ಸುಳ್ಳು ಹೇಳಿದಳು, ಆಮೇಲೆ ಅಳುತ್ತಾ ಎಲ್ಲ ಬಾಯಿಬಿಟ್ಟಳು. ಫೋಟೊ ಹಾಕುವ ಆ್ಯಪ್‌ನಲ್ಲಿ ಒಬ್ಬನ ಪರಿಚಯವಾಗಿದೆ. ಹೆಬ್ಬಾಳದ ಕಡೆಯ ಶಾಲೆ, ಹತ್ತನೇ ಕ್ಲಾಸು ಎಂದು ಹೇಳಿಕೊಂಡಿದ್ದನಂತೆ. ಎರಡು ತಿಂಗಳು ನೋಟ್ಸು, ಸಿನಿಮಾ ಅಂತ ಮಾತು. ಆಮೇಲೆ ಬೇರೊಂದು ಚಾಟ್ ಆ್ಯಪ್‌ಗೆ ಬಾ ಎಂದು ಕರೆದು, ಪುಸಲಾಯಿಸಿ, ಯಾರಿಗೂ ತೋರಿಸಬಾರದಂಥ ಫೋಟೊ ತರಿಸಿಕೊಂಡಿದ್ದಾನೆ. ಈಗ ಇನ್ನೂ ಕಳಿಸು, ಇಲ್ಲವೇ ಐದು ಸಾವಿರ ಹಾಕು, ಎರಡೂ ಆಗದಿದ್ದರೆ ಕ್ಲಾಸಿನ ಗ್ರೂಪಿಗೆ ಬಿಡುತ್ತೇನೆ ಎನ್ನುತ್ತಾನೆ. ಅವಳ ಮುಖವನ್ನು ಬೇರೆ ಮೈಗೆ ಅಂಟಿಸಿದ ಇನ್ನೊಂದು ಫೋಟೊವನ್ನು ಆಗಲೇ ಯಾವುದೋ ಖಾತೆಯಲ್ಲಿ ಹಾಕಿದ್ದಾನೆ. ಮಗಳೇ ಆ್ಯಪ್‌ಗೆ ರಿಪೋರ್ಟ್ ಮಾಡಿದ್ದಳು. ‘ನಮ್ಮ ನಿಯಮಗಳ ಉಲ್ಲಂಘನೆ ಕಂಡುಬಂದಿಲ್ಲ’ ಎಂದು ಉತ್ತರ ಬಂತು.*

*ಯಜಮಾನರು ಫೋನ್ ಒಡೆದು ಹಾಕುತ್ತೇನೆ, ದೊಡ್ಡಬಳ್ಳಾಪುರದ ಅಜ್ಜಿ ಮನೆಗೆ ಸಾಗಹಾಕುತ್ತೇನೆ ಎಂದು ಕೂತಿದ್ದಾರೆ. ಪೊಲೀಸರ ಹತ್ತಿರ ಹೋದರೆ ಹುಡುಗಿಯ ಹೆಸರು ಬೀದಿಗೆ ಬರುತ್ತದಲ್ಲ? ಫೋಟೊ ಕಳಿಸಿದ್ದು ಅವಳೇ, ಅವಳ ಮೇಲೆಯೇ ಕೇಸು ಬಿದ್ದರೆ? ಇಷ್ಟೆಲ್ಲ ನಡೆಯಲು ಜಾಗ ಕೊಟ್ಟ ಆ ಕಂಪನಿಗೆ ಏನೂ ಹೊಣೆ ಇಲ್ಲವೇ?*

— ಹೆಸರು ಬೇಡ, ಯಲಹಂಕ

ತಾಯಿ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ಹೊಣೆ ಇದೆ. ಆದರೆ ಆ ಹೊಣೆ ತಾನಾಗಿ ಎದ್ದು ಕೂರುವುದಿಲ್ಲ, ನೀವು ದೂರು ಕೊಟ್ಟು ಎಬ್ಬಿಸಬೇಕು. ಹೇಗೆ ಎಂಬುದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಅದಕ್ಕೂ ಮೊದಲು ಈ ರಾತ್ರಿಯ ಮಾತು.

ಇನ್ನೊಂದು ರೂಪಾಯಿ ಕೊಡಬೇಡಿ. ಇಂಥವರು ದುಡ್ಡು ಸಿಕ್ಕಿತೆಂದು ಸುಮ್ಮನಾಗುವುದಿಲ್ಲ, ಈ ಮನೆಯಲ್ಲಿ ಸಿಗುತ್ತದೆ ಎಂದು ತಿಳಿದುಕೊಳ್ಳುತ್ತಾರೆ. ಹೋದ ಎರಡು ಸಾವಿರಕ್ಕಾಗಿ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ಆ ಪಾವತಿಯನ್ನು ಒತ್ತಿದರೆ ಯುಟಿಆರ್ ಎಂದು 12 ಅಂಕಿಗಳ ಸಂಖ್ಯೆ ಕಾಣುತ್ತದೆ, ಅದನ್ನು ಕೈಯಲ್ಲಿ ಇಟ್ಟುಕೊಂಡು ಮಾತಾಡಿ. ಒಂದು ವಾರ ಆಗಿರುವುದರಿಂದ ದುಡ್ಡು ವಾಪಸು ಬರುವ ಆಸೆ ಕಡಿಮೆ. ಆದರೆ ದುಡ್ಡು ಯಾವ ಖಾತೆಗೆ ಹೋಯಿತು ಎಂಬುದೇ ಅವನ ಮನೆಯ ದಾರಿ. ಆ್ಯಪ್‌ನಲ್ಲಿ ಅವನು ಸುಳ್ಳು ಹೆಸರು ಇಟ್ಟುಕೊಂಡಿರಬಹುದು. ಬ್ಯಾಂಕ್ ಖಾತೆಗೆ ಯಾರದೋ ಗುರುತಿನ ದಾಖಲೆ ಕೊಟ್ಟಿರಲೇಬೇಕು.

ಫೋನ್ ಒಡೆಯುವ ಯೋಚನೆಯನ್ನು ಯಜಮಾನರು ಬಿಡಬೇಕು. ಆ ಫೋನ್ ಈಗ ಸಾಕ್ಷಿ. ಮಗಳ ಖಾತೆಯನ್ನು ಅಳಿಸಬೇಡಿ, ಅವನನ್ನು ಬ್ಲಾಕ್ ಮಾಡುವ ಮೊದಲು ಚಾಟ್‌ಗಳನ್ನೆಲ್ಲ ಹಾಗೇ ಉಳಿಸಿಕೊಳ್ಳಿ. ಅವನ ಪ್ರೊಫೈಲ್ ತೆರೆದು, ಮೇಲೆ ಕಾಣುವ ಅಂದದ ಹೆಸರನ್ನಲ್ಲ, ಅದರ ಲಿಂಕನ್ನು ಕಾಪಿ ಮಾಡಿ ಒಂದು ಕಡೆ ಇಡಿ. ಹೆಸರನ್ನು ಒಂದು ನಿಮಿಷದಲ್ಲಿ ಬದಲಿಸಬಹುದು. ಬೆದರಿಕೆಯ ಮಾತುಗಳ ಸ್ಕ್ರೀನ್‌ಶಾಟ್ ತೆಗೆಯಿರಿ, ದಿನಾಂಕ ಮತ್ತು ಗಂಟೆ ಕಾಣುವಂತೆ. ಆದರೆ ಮಗಳ ಆ ಫೋಟೊದ ಸ್ಕ್ರೀನ್‌ಶಾಟ್ ಬೇಡ. ಅದನ್ನು ಅಣ್ಣನಿಗೆ, ಪರಿಚಯದ ವಕೀಲರಿಗೆ, ಶಾಲೆಯ ಮೇಡಂಗೆ ‘ನೋಡಿ ಹೀಗಾಗಿದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಂತೂ ಬೇಡವೇ ಬೇಡ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಗಾಬರಿಯಲ್ಲಿ ತುಂಬಾ ಮನೆಗಳಲ್ಲಿ ಆಗುವುದು ಇದೇ. ಮಗುವಿನ ಅಂಥ ಚಿತ್ರವನ್ನು ಹಂಚುವುದು ಮಾತ್ರವಲ್ಲ, ಹುಡುಕಿ ನೋಡುವುದು, ಇಳಿಸಿಕೊಳ್ಳುವುದು ಕೂಡ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಪ್ರಕಾರ ಅಪರಾಧ. 2024ರ ಜುಲೈನಲ್ಲಿ ನಮ್ಮ ಹೈಕೋರ್ಟಿನ ಒಂದು ಪೀಠ, ಬರೀ ನೋಡಿದ್ದು ಈ ಕಲಮಿನಡಿ ಬರುವುದಿಲ್ಲ ಎಂದು ಒಂದು ಪ್ರಕರಣ ರದ್ದು ಮಾಡಿ, ಕಲಮಿನ ಒಂದು ಉಪಭಾಗ ಗಮನಕ್ಕೆ ಬಾರದೆ ಹೋಗಿತ್ತೆಂದು ಕೆಲವೇ ದಿನಗಳಲ್ಲಿ ಆ ಆದೇಶವನ್ನು ತಾನೇ ಹಿಂದಕ್ಕೆ ಪಡೆಯಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್, ಮದ್ರಾಸ್ ಹೈಕೋರ್ಟಿನಿಂದ ಬಂದಿದ್ದ ಪ್ರಕರಣದಲ್ಲಿ, ನೋಡುವುದೂ ಇಟ್ಟುಕೊಳ್ಳುವುದೂ ಅಪರಾಧವೇ ಎಂದು ಖಚಿತ ಮಾಡಿತು. ಫೋಟೊ ಇರುವ ಫೋನನ್ನು ಪೊಲೀಸರ ಕೈಗೆ ಕೊಡಿ, ಅಷ್ಟೇ.

ಇನ್ನು ಮಗಳು. ನೀವು ಪತ್ರದಲ್ಲಿ ಅವಳು ಅತ್ತಳು ಎಂದು ಬರೆದಿದ್ದೀರಿ, ಆಮೇಲೆ ಹೇಗಿದ್ದಾಳೆ ಎಂದು ಬರೆದಿಲ್ಲ. ಊಟ ಮಾಡುತ್ತಿದ್ದಾಳೆಯೇ? ರಾತ್ರಿ ಅವಳ ರೂಮಿನ ಲೈಟು ಉರಿಯುತ್ತಿದೆಯೇ? ಇಂಥ ಬೆದರಿಕೆಗೆ ಸಿಕ್ಕ ಮಕ್ಕಳಿಗೆ ಜೀವವೇ ಬೇಡ ಅನ್ನಿಸುವುದುಂಟು. ‘ಸತ್ತುಹೋಗೋಣ ಅಂತ ಅನ್ನಿಸ್ತಾ ಇದೆಯಾ ಪುಟ್ಟಿ?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಬೇಡ. ಕೇಳಿದರೆ ಮಕ್ಕಳಿಗೆ ಹೇಳಿಕೊಳ್ಳಲು ಬಾಗಿಲು ತೆರೆದಂತಾಗುತ್ತದೆ. ಹೌದು ಎಂದರೆ, ಅಥವಾ ಉತ್ತರಿಸದೆ ಮುಖ ತಿರುಗಿಸಿದರೂ, ಅವಳನ್ನು ಒಬ್ಬಳೇ ಬಿಡಬೇಡಿ, ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತಾರೆ. ಬೈಗುಳವನ್ನು ಸದ್ಯ ಪಕ್ಕಕ್ಕಿಡಿ. ‘ನಿನಗೆ ಬುದ್ಧಿ ಇರಲಿಲ್ವಾ’ ಎಂಬ ಒಂದು ಮಾತು ಸಾಕು, ಮುಂದಿನ ಬೆದರಿಕೆ ಬಂದಾಗ ಅವಳು ನಿಮ್ಮ ಹತ್ತಿರ ಬರುವುದಿಲ್ಲ. ಅವನಿಗೆ ಬೇಕಾಗಿರುವುದೂ ಅದೇ. ಎರಡು ತಿಂಗಳು ನೋಟ್ಸಿನ ಮಾತಾಡಿಕೊಂಡು ತಾಳ್ಮೆಯಿಂದ ಕಾದವನಿಗೆ ಇದು ಕಸುಬು, ಅವಳಿಗೆ 14 ವರ್ಷ. ಹೆಬ್ಬಾಳದ ಶಾಲೆ, ಹತ್ತನೇ ಕ್ಲಾಸು ಎಂಬುದೆಲ್ಲ ಕಟ್ಟುಕಥೆ ಇರಬಹುದು. ನಿಜವೇ ಇದ್ದರೆ, ಅಂದರೆ ಹುಡುಗನೂ 18ರೊಳಗಿನವನಾಗಿದ್ದರೆ, ಅವನ ವಿಚಾರ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಅದನ್ನು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ.

ಈಗ ಕಂಪನಿಯ ವಿಚಾರಕ್ಕೆ ಬರೋಣ. ಇದನ್ನು ಸ್ವಲ್ಪ ಹಿಂದಿನಿಂದ ಹೇಳಿದರೆ ನಿಮಗೆ ಎಲ್ಲಿ ಒತ್ತಬೇಕೆಂದು ಗೊತ್ತಾಗುತ್ತದೆ.

2004ರಲ್ಲಿ ದೆಹಲಿಯ ಒಂದು ಶಾಲೆಯ ಇಬ್ಬರು ವಿದ್ಯಾರ್ಥಿಗಳ ಖಾಸಗಿ ವಿಡಿಯೊ ತುಣುಕು ಬಾಝೀ ಡಾಟ್ ಕಾಂ ಎಂಬ ಹರಾಜು ತಾಣದಲ್ಲಿ ಮಾರಾಟಕ್ಕೆ ಬಂತು. ಹಾಕಿದವನು ಒಬ್ಬ ಕಾಲೇಜು ವಿದ್ಯಾರ್ಥಿ. ಬಂಧನವಾದವರಲ್ಲಿ ಆ ತಾಣದ ಮುಖ್ಯಸ್ಥ ಅವನೀಶ್ ಬಜಾಜ್ ಕೂಡ ಇದ್ದರು. ಐಟಿ ಉದ್ಯಮ ಬೆಚ್ಚಿಬಿತ್ತು: ಯಾರೋ ಹಾಕಿದ್ದಕ್ಕೆ ನಾವು ಜೈಲಿಗೆ ಹೋಗಬೇಕೇ? 2008ರ ತಿದ್ದುಪಡಿಯಲ್ಲಿ ಐಟಿ ಕಾಯ್ದೆಯ 79ನೇ ಕಲಂ ಈಗಿನ ರೂಪಕ್ಕೆ ಬಂತು, ಅದೇ ತಿದ್ದುಪಡಿಯಲ್ಲಿ ಮಕ್ಕಳ ರಕ್ಷಣೆಯ 67ಬಿ ಕೂಡ ಸೇರಿತು. ಎರಡೂ ಜಾರಿಗೆ ಬಂದದ್ದು 2009ರ ಅಕ್ಟೋಬರ್ 27ರಂದು. ನನಗೆ ಇದೊಂದು ವಿಚಿತ್ರವಾದ ಜೋಡಿ ಅನ್ನಿಸುತ್ತದೆ. ಶಾಲಾ ಮಕ್ಕಳ ಮಾನ ಹರಾಜಾದ ಪ್ರಕರಣದ ಬೆನ್ನಿಗೆ ಬಂದ ಕಾನೂನು ಕಂಪನಿಗಳಿಗೂ ಒಂದು ಕೊಡೆ ಹಿಡಿಯಿತು.

ಆ 79ನೇ ಕಲಮಿನ ತಿರುಳು ಬಾಡಿಗೆಗೆ ಮನೆ ಕೊಟ್ಟವರಿಗೆ ಅರ್ಥವಾಗುವಂಥದ್ದೇ. ಬಾಡಿಗೆಯವನು ಒಳಗೆ ಏನು ಮಾಡುತ್ತಾನೆ ಎಂಬುದಕ್ಕೆ ಓನರ್ ಹೊಣೆಯಲ್ಲ. ಆದರೆ ಪಕ್ಕದ ಮನೆಯವರು ಬಂದು, ನಿಮ್ಮ ಮನೆಯಲ್ಲಿ ಇಂಥ ದಂಧೆ ನಡೆಯುತ್ತಿದೆ ಎಂದು ಬರೆದುಕೊಟ್ಟ ಮೇಲೂ ಬಾಡಿಗೆ ಎಣಿಸುತ್ತಾ ಕೂತರೆ ಆ ರಕ್ಷಣೆ ಉಳಿಯುವುದಿಲ್ಲ. ತಿಳಿದಿತ್ತೇ, ತಿಳಿದ ಮೇಲೆ ಏನು ಮಾಡಿದಿರಿ ಎಂಬುದೇ ಪ್ರಶ್ನೆ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಂಪನಿಗೆ ‘ತಿಳಿಯಿತು’ ಎಂದರೆ ನ್ಯಾಯಾಲಯದ ಆದೇಶವೋ ಸರ್ಕಾರದ ಸೂಚನೆಯೋ ಬಂತು ಎಂದರ್ಥ ಎಂದಿತು. ಮಾತಿನ ಸ್ವಾತಂತ್ರ್ಯದ ದೃಷ್ಟಿಯಿಂದ ಅದು ಸರಿ, ಇಲ್ಲದಿದ್ದರೆ ಯಾರೋ ಒಬ್ಬ ರಾಜಕಾರಣಿಗೆ ಬೇಸರವಾದ ಪೋಸ್ಟುಗಳೆಲ್ಲ ಮಾಯವಾಗುತ್ತಿದ್ದವು. ಆದರೆ ನಿಮ್ಮಂಥ ತಾಯಿ ಕೋರ್ಟಿಗೆ ಹೋಗಿ ಆದೇಶ ತರುವಷ್ಟರಲ್ಲಿ ಆ ಫೋಟೊ ಎಲ್ಲೆಲ್ಲಿ ತಿರುಗಿರುತ್ತದೆ?

ಈ ಅಂತರವನ್ನು ತುಂಬಿದ್ದು 2021ರ ಫೆಬ್ರವರಿ 25ರ ಐಟಿ ನಿಯಮಗಳು. ಅದರಲ್ಲಿ 3(2)(ಬಿ) ಎಂಬ ಒಂದು ಸಣ್ಣ ತುಂಡು ಇದೆ, ಇದನ್ನು ಪೆನ್ನು ತೆಗೆದುಕೊಂಡು ಬರೆದುಕೊಳ್ಳಿ. ಒಬ್ಬ ವ್ಯಕ್ತಿಯ ದೇಹದ ಖಾಸಗಿ ಭಾಗ ಅಥವಾ ನಗ್ನತೆ ತೋರಿಸುವ ಚಿತ್ರದ ಬಗ್ಗೆ, ಇಲ್ಲವೇ ಅವರ ಮುಖ ಬಳಸಿ ತಿರುಚಿದ ಚಿತ್ರದ ಬಗ್ಗೆ, ಆ ವ್ಯಕ್ತಿಯೇ ಆಗಲಿ ಅವರ ಪರವಾಗಿ ಬೇರೆ ಯಾರೇ ಆಗಲಿ ದೂರು ಕೊಟ್ಟರೆ ಸಾಕು, ಕೋರ್ಟ್ ಆದೇಶ ಬೇಕಿಲ್ಲ. ಕಂಪನಿ ಅದನ್ನು ತೆಗೆಯಲು ಇಲ್ಲವೇ ಯಾರಿಗೂ ಕಾಣದಂತೆ ಮಾಡಲು ತನ್ನಿಂದ ಆಗುವುದನ್ನೆಲ್ಲ ಮಾಡಬೇಕು. 2021ರಲ್ಲಿ ಇದಕ್ಕೆ 24 ಗಂಟೆಯ ಗಡುವು ಇತ್ತು. 2026ರ ಫೆಬ್ರವರಿಯ ತಿದ್ದುಪಡಿಯಲ್ಲಿ ಅದು 2 ಗಂಟೆಗೆ ಇಳಿದಿದೆ. ಮಾಡದೆ ಹೋದರೆ 7ನೇ ನಿಯಮದ ಪ್ರಕಾರ 79ರ ರಕ್ಷಣೆ ಆ ಕಂಪನಿಯ ಪಾಲಿಗೆ ಇಲ್ಲ.

ನಿಮ್ಮ ಮಗಳು ಮಾಡಿದ್ದು ಚಿತ್ರದ ಪಕ್ಕದ ಮೂರು ಚುಕ್ಕೆ ಒತ್ತಿ ‘ರಿಪೋರ್ಟ್’ ಎಂದದ್ದು. ಅದಕ್ಕೆ ಬಂದ ಉತ್ತರವನ್ನೇ ಗಮನಿಸಿ: ‘ನಮ್ಮ ನಿಯಮಗಳ ಉಲ್ಲಂಘನೆ.’ ಕಂಪನಿ ತನ್ನ ಮನೆಯ ನಿಯಮದಿಂದ ಅಳೆಯಿತು. ನೀವು ಈಗ ದೇಶದ ನಿಯಮದಿಂದ ಅಳೆಯಿರಿ ಎಂದು ಹೇಳಬೇಕು, ಹೇಳಿದ್ದಕ್ಕೆ ದಾಖಲೆ ಇರಬೇಕು. ಪ್ರತಿ ಕಂಪನಿಯೂ ತನ್ನ ದೂರು ಪರಿಹಾರ ಅಧಿಕಾರಿಯ ಹೆಸರನ್ನೂ ಸಂಪರ್ಕದ ವಿವರವನ್ನೂ ತಾಣದಲ್ಲಿ ಎದ್ದು ಕಾಣುವಂತೆ ಹಾಕಬೇಕು. ದೇಶದಲ್ಲಿ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಕಂಪನಿಯಾದರೆ ಆ ಅಧಿಕಾರಿ ಭಾರತದಲ್ಲೇ ನೆಲೆಸಿರುವವರಾಗಿರಬೇಕು. ಎದ್ದು ಕಾಣುವಂತೆ ಎಂದು ನಿಯಮ ಹೇಳುತ್ತದೆ. ಹುಡುಕಲು ನಿಮಗೆ ಕಾಲು ಗಂಟೆ ಹಿಡಿದರೆ ಆಶ್ಚರ್ಯಪಡಬೇಡಿ. ಸಿಕ್ಕ ಮೇಲೆ ಇಮೇಲ್‌ನಲ್ಲೋ ಅವರ ಫಾರ್ಮಿನಲ್ಲೋ ಇಷ್ಟು ಬರೆದರೆ ಸಾಕು:

“ನನ್ನ ಮಗಳಿಗೆ 14 ವರ್ಷ. ಅವಳ ಮುಖವನ್ನು ತಿರುಚಿ ಮಾಡಿದ ನಗ್ನ ಚಿತ್ರ ಈ ಲಿಂಕಿನಲ್ಲಿ ಇದೆ. ಈ ಖಾತೆಯಿಂದ ಬೆದರಿಕೆ ಬರುತ್ತಿದೆ. 2021ರ ಐಟಿ ನಿಯಮಗಳ 3(2)(ಬಿ) ಅಡಿಯಲ್ಲಿ ಅವಳ ಪರವಾಗಿ ಈ ದೂರು ಕೊಡುತ್ತಿದ್ದೇನೆ. ಚಿತ್ರವನ್ನು ತೆಗೆದುಹಾಕಿ, ಖಾತೆಯ ದಾಖಲೆಗಳನ್ನು ತನಿಖೆಗಾಗಿ ಉಳಿಸಿ, ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಿ.”

ಚಿತ್ರವನ್ನು ಲಗತ್ತಿಸಬೇಡಿ, ಲಿಂಕ್ ಸಾಕು. ಎಷ್ಟು ಗಂಟೆಗೆ ಕಳಿಸಿದಿರಿ ಎಂದು ಗುರುತು ಹಾಕಿಕೊಳ್ಳಿ. ಆ ಗಳಿಗೆಯಿಂದ ಕಂಪನಿಗೆ ‘ಗೊತ್ತಿರಲಿಲ್ಲ’ ಎನ್ನುವ ಬಾಯಿ ಇಲ್ಲ. ಬೆದರಿಕೆ ಬರುತ್ತಿರುವ ಚಾಟ್ ಆ್ಯಪ್‌ಗೂ ಇಂಥದ್ದೇ ಇನ್ನೊಂದು ಬರೆಯಿರಿ. ಕಂಪನಿ ನಿರಾಕರಿಸಿದರೆ, ಇಲ್ಲವೇ ಸುಮ್ಮನಿದ್ದರೆ, ಸರ್ಕಾರ ನೇಮಿಸಿದ ಮೇಲ್ಮನವಿ ಸಮಿತಿ ಇದೆ, 2023ರ ಮಾರ್ಚಿನಿಂದ ಕೆಲಸ ಮಾಡುತ್ತಿದೆ. ಆನ್‌ಲೈನ್‌ನಲ್ಲೇ 30 ದಿನದೊಳಗೆ ಅಪೀಲು ಹಾಕಬಹುದು, ಯಾವ ವಕೀಲರೂ ಬೇಕಿಲ್ಲ.

ಮಗಳೇ ಕಳಿಸಿದ, ಇನ್ನೂ ಎಲ್ಲಿಯೂ ಬಿಡುಗಡೆಯಾಗದ ಮೊದಲ ಫೋಟೊ ಇದೆಯಲ್ಲ, ಅದಕ್ಕೆ ಬೇರೆ ಉಪಾಯ. ಅಮೆರಿಕದಲ್ಲಿ ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಇರುವ ರಾಷ್ಟ್ರೀಯ ಕೇಂದ್ರ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ನಡೆಸುತ್ತದೆ. ಯಾವ ದೇಶದವರೂ ಬಳಸಬಹುದು, ಹೆಸರು ಕೊಡಬೇಕಿಲ್ಲ. ಚಿತ್ರ ನಿಮ್ಮ ಫೋನ್ ಬಿಟ್ಟು ಹೊರಗೆ ಹೋಗುವುದಿಲ್ಲ. ಅದರಿಂದ ಅಕ್ಷರ ಅಂಕಿಗಳ ಒಂದು ಗುರುತು ಮಾತ್ರ ತಯಾರಾಗಿ, ಸೇವೆಗೆ ಸೇರಿರುವ ಕಂಪನಿಗಳಿಗೆ ಹೋಗುತ್ತದೆ. ಆಮೇಲೆ ಅದೇ ಚಿತ್ರವನ್ನು ಅಲ್ಲಿ ಯಾರಾದರೂ ಏರಿಸಲು ನೋಡಿದರೆ ಗುರುತು ಸಿಕ್ಕಿಬೀಳುತ್ತದೆ. ಸೇರದ ಆ್ಯಪ್‌ಗಳಲ್ಲಿ, ಗೂಢಲಿಪಿಯ ಖಾಸಗಿ ಚಾಟ್‌ಗಳಲ್ಲಿ ಇದು ನಡೆಯುವುದಿಲ್ಲ. ಪೂರ್ತಿ ಬೇಲಿಯಲ್ಲ, ಆದರೂ ಇವತ್ತೇ ಮಾಡಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೈಯಲ್ಲೇ ಮಾಡಿಸಿ.

ಪೊಲೀಸರ ವಿಚಾರ. ನೀವು ಹೆಸರು, ವಿಳಾಸ ಬರೆದಿದ್ದರೆ ನಾನೇ ಅವರಿಗೆ ತಿಳಿಸಬೇಕಾಗುತ್ತಿತ್ತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 19ನೇ ಕಲಂ, ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ಹೇಳಲೇಬೇಕು ಎನ್ನುತ್ತದೆ. ಹೇಳದಿದ್ದರೆ ಆರು ತಿಂಗಳವರೆಗೆ ಸೆರೆ. ಇದು ನಿಮಗೂ ಅನ್ವಯ, ನಾಳೆ ವಿಷಯ ತಿಳಿಯುವ ಶಾಲೆಯ ಪ್ರಾಂಶುಪಾಲರಿಗೂ ಅನ್ವಯ. ‘ಶಾಲೆಯ ಹೆಸರು ಕೆಡುತ್ತದೆ, ಟಿಸಿ ತಗೊಂಡು ಹೋಗಿ’ ಎಂದು ಯಾರಾದರೂ ಹೇಳಿದರೆ ಈ ಕಲಂ ನೆನಪಿಸಿ, ಧ್ವನಿ ಏರಿಸಬೇಕಾಗಿಲ್ಲ.

ಹೆಸರು ಬೀದಿಗೆ ಬರುತ್ತದೆ ಎಂಬ ನಿಮ್ಮ ಭಯಕ್ಕೆ ಕಾಯ್ದೆಯಲ್ಲಿ ಸಾಕಷ್ಟು ಉತ್ತರವಿದೆ. ಮಗುವಿನ ಹೆಸರು, ವಿಳಾಸ, ಫೋಟೊ, ಶಾಲೆ, ನೆರೆಹೊರೆ, ಹೀಗೆ ಗುರುತು ಸಿಗುವ ಯಾವುದನ್ನೂ ಮಾಧ್ಯಮಗಳು ಬಯಲು ಮಾಡುವಂತಿಲ್ಲ, ಮಾಡಿದರೆ ಕನಿಷ್ಠ ಆರು ತಿಂಗಳ ಸೆರೆ. ಹೇಳಿಕೆಯನ್ನು ನಿಮ್ಮ ಮನೆಯಲ್ಲೇ ಅಥವಾ ಮಗಳು ಹೇಳಿದ ಜಾಗದಲ್ಲಿ ಪಡೆಯಬೇಕು. ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಯೂನಿಫಾರಂ ಹಾಕಿರಬಾರದು, ನೀವು ಜೊತೆಗಿರಬಹುದು. ರಾತ್ರಿ ಹೊತ್ತು ಠಾಣೆಯಲ್ಲಿ ಮಗುವನ್ನು ಇರಿಸಿಕೊಳ್ಳುವಂತಿಲ್ಲ. ವಿಚಾರಣೆ ಮುಚ್ಚಿದ ಬಾಗಿಲಿನಲ್ಲಿ. ಎದುರು ಪಕ್ಷದ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ, ಪ್ರಶ್ನೆಗಳು ನ್ಯಾಯಾಧೀಶರ ಮೂಲಕ ಹೋಗಬೇಕು. ಇದೆಲ್ಲ ಕಾಗದದ ಮೇಲಿನ ಮಾತು, ಪ್ರತಿ ಠಾಣೆಯೂ ಹೀಗೇ ನಡೆದುಕೊಳ್ಳುತ್ತದೆ ಎಂದು ನಾನು ಬರೆದುಕೊಡಲಾರೆ. ಆದರೆ ಕಾಗದದಲ್ಲಿ ಇದೆ ಎಂದು ಗೊತ್ತಿರುವ ತಾಯಿಯ ಜೊತೆ ಪೊಲೀಸರು ಮಾತಾಡುವ ರೀತಿಯೇ ಬೇರೆ.

ಅವಳ ಮೇಲೆ ಕೇಸು ಬೀಳುತ್ತದೆಯೇ? ಕಾಯ್ದೆಯ ಕಣ್ಣಿನಲ್ಲಿ 18ರೊಳಗಿನವರೆಲ್ಲ ಮಕ್ಕಳು, ಇಂಥ ವಿಷಯದಲ್ಲಿ ಮಗುವಿನ ‘ಒಪ್ಪಿಗೆ’ ಎಂಬುದಕ್ಕೆ ಬೆಲೆಯಿಲ್ಲ. ಪುಸಲಾಯಿಸಿ ತರಿಸಿಕೊಂಡವನು ಆರೋಪಿ, ಬೆದರಿಕೆ ಹಾಕಿದವನು ಆರೋಪಿ. ಇವಳು ಅಲ್ಲಿ ಸಂತ್ರಸ್ತೆ. ಮಗುವಿನ ನಿಜವಾದ ಅಥವಾ ಸೃಷ್ಟಿಸಿದ ಚಿತ್ರವನ್ನು ಬಿಡುತ್ತೇನೆಂದು ಹೆದರಿಸುವುದನ್ನು ಪೋಕ್ಸೊದ 11ನೇ ಕಲಂ ಹೆಸರು ಹಿಡಿದೇ ಅಪರಾಧ ಎಂದಿದೆ. ಮಗುವನ್ನು ಅಶ್ಲೀಲ ಚಿತ್ರಕ್ಕೆ ಬಳಸಿಕೊಂಡರೆ ಕನಿಷ್ಠ ಐದು ವರ್ಷ. ಇದರ ಜೊತೆಗೆ ಸುಲಿಗೆಯ ಕಲಮುಗಳು ಬೇರೆ.

ಹೋಗಬೇಕಾದ್ದು ಎಲ್ಲಿಗೆ? ರಾಷ್ಟ್ರೀಯ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ಮೇಲಿನ ಅಪರಾಧಕ್ಕೆ ಬೇರೆಯೇ ವಿಭಾಗ ಇದೆ, ಅನಾಮಧೇಯವಾಗಿಯೂ ದೂರು ಕೊಡಬಹುದು. ಆದರೆ ನಿಮ್ಮ ಪ್ರಕರಣದಲ್ಲಿ ಅನಾಮಧೇಯ ದಾರಿ ಬೇಡ ಎನ್ನುತ್ತೇನೆ. ಅದರಲ್ಲಿ ಮುಂದೇನಾಯಿತು ಎಂದು ತಿಳಿಯುವುದಿಲ್ಲ, ನಿಮಗೆ ಆರೋಪಿ ಸಿಗಬೇಕು. ಹೆಸರು ಕೊಟ್ಟೇ ದೂರು ದಾಖಲಿಸಿ, ಅದರ ಪ್ರತಿ ಹಿಡಿದು ಹತ್ತಿರದ ಠಾಣೆಗೋ ನಿಮ್ಮ ವಿಭಾಗದ ಸೆನ್ (ಸೈಬರ್ ಅಪರಾಧ) ಠಾಣೆಗೋ ಹೋಗಿ. ‘ಇದು ನಮ್ಮ ವ್ಯಾಪ್ತಿ ಅಲ್ಲ, ಅವನು ಹೆಬ್ಬಾಳದವನು, ಅಲ್ಲಿಗೆ ಹೋಗಿ’ ಎಂದರೆ ಒಪ್ಪಬೇಡಿ. ಅಪರಾಧ ಎಲ್ಲೇ ನಡೆದಿರಲಿ ಯಾವ ಠಾಣೆಯಾದರೂ ಬರೆದುಕೊಳ್ಳಬೇಕು ಎಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಜೊತೆಗೆ ಯಾರಾದರೂ ಬೇಕೆನಿಸಿದರೆ ಮಕ್ಕಳ ಸಹಾಯವಾಣಿ 1098. ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಅದರ ನಂಬರ್ 15100. ತಡ ಮಾಡಬೇಡಿ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ: ತೆಗೆದುಹಾಕಿದ ವಿಷಯದ ದಾಖಲೆಯನ್ನು ಕಂಪನಿ ತನಿಖೆಗಾಗಿ 180 ದಿನ ಉಳಿಸಿಕೊಂಡಿರಬೇಕು, ತನಿಖಾಧಿಕಾರಿ ಬರೆದು ಕೇಳಿದರೆ 72 ಗಂಟೆಯೊಳಗೆ ಮಾಹಿತಿ ಕೊಡಬೇಕು ಎಂಬ ನಿಯಮವಿದೆ. ಪೊಲೀಸರು ಕೇಳುವುದೇ ತಡವಾದರೆ ಆ 180 ದಿನ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ.

ಹಾಗಾದರೆ ಕಂಪನಿಯ ಮೇಲೆಯೇ ಕೇಸು ಹಾಕಬಹುದೇ? ಅವರು ದೂರಿಗೆ ಓಗೊಟ್ಟು ಗಡುವಿನೊಳಗೆ ತೆಗೆದರೆ, ಪೊಲೀಸರಿಗೆ ತಿಳಿಸಿದರೆ, ಕಾನೂನಿನ ಹಿಡಿತ ಅಲ್ಲಿಗೆ ಸಡಿಲ. ತೆಗೆಯದಿದ್ದರೆ ಮಾತು ಬೇರೆ. ನಾನು ಮೇಲೆ ಹೇಳಿದ 2024ರ ಸೆಪ್ಟೆಂಬರ್ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಇನ್ನೊಂದು ಮುಖ್ಯ ಮಾತು ಹೇಳಿದೆ. ಅಲ್ಲಿಯವರೆಗೆ ದೊಡ್ಡ ಕಂಪನಿಗಳು ಅಮೆರಿಕದ ಆ ಮಕ್ಕಳ ಕೇಂದ್ರಕ್ಕೆ ವರದಿ ಕಳಿಸಿ, ಅಲ್ಲಿಂದ ನಮ್ಮ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊಗೆ ಬರುತ್ತದೆ, ನಮ್ಮ ಕೆಲಸ ಮುಗಿಯಿತು ಎನ್ನುತ್ತಿದ್ದವು. ಅಷ್ಟು ಸಾಲದು, ಪೋಕ್ಸೊ ಹೇಳುವಂತೆ ಇಲ್ಲಿನ ಪೊಲೀಸರಿಗೂ ತಿಳಿಸದಿದ್ದರೆ 79ರ ರಕ್ಷಣೆ ಕೇಳುವಂತಿಲ್ಲ ಎಂದಿತು ನ್ಯಾಯಾಲಯ. ನಿಮ್ಮ ಇಮೇಲ್‌ನ ಕೊನೆಯ ಸಾಲು ಇದಕ್ಕಾಗಿಯೇ. ಅವರು ಸುಮ್ಮನಿದ್ದರೆ ಆ ಸಾಲು ನಾಳೆ ನಿಮ್ಮ ವಕೀಲರ ಕೈಯಲ್ಲಿ ಇರುತ್ತದೆ.

ಸತ್ಯ ಹೇಳಬೇಕೆಂದರೆ, ಈ ಕಾನೂನುಗಳೆಲ್ಲ ಮನೆಗೆ ಬೆಂಕಿ ಬಿದ್ದ ಮೇಲೆ ಬರುವಂಥವು. ಅಪರಿಚಿತನೊಬ್ಬ 14 ವರ್ಷದ ಹುಡುಗಿಗೆ ನೇರ ಮೆಸೇಜ್ ಕಳಿಸಲು ಸಾಧ್ಯವಾಗಿದ್ದೇ ಯಾಕೆ ಎಂದು ಕೇಳುವ ಕಾನೂನು ನಮ್ಮಲ್ಲಿ ಇನ್ನೂ ಗಟ್ಟಿಯಾಗಿಲ್ಲ. 2018ರಲ್ಲಿ, ಹೈದರಾಬಾದಿನ ಪ್ರಜ್ವಲಾ ಸಂಸ್ಥೆಯ ಪತ್ರದಿಂದ ಶುರುವಾದ ಪ್ರಕರಣದಲ್ಲಿ, ಇಂಥ ವಿಡಿಯೊ ತಡೆಯಲು ಏನು ಮಾಡಿದ್ದೀರಿ ಎಂದು ಸಕಾಲಕ್ಕೆ ಉತ್ತರ ಕೊಡದ ಗೂಗಲ್, ಫೇಸ್‌ಬುಕ್, ಮೈಕ್ರೊಸಾಫ್ಟ್ ಮುಂತಾದ ಕಂಪನಿಗಳಿಗೆ ಸುಪ್ರೀಂ ಕೋರ್ಟ್ ಹಾಕಿದ ದಂಡ ತಲಾ 1 ಲಕ್ಷ ರೂಪಾಯಿ. ನಮ್ಮ ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳಲ್ಲಿ ಅನುಭವಿಯೊಬ್ಬರ ತಿಂಗಳ ಸಂಬಳ ಅಷ್ಟಿರಬಹುದು. ಐಟಿ ಕಾಯ್ದೆಗೆ ಬದಲಾಗಿ ಡಿಜಿಟಲ್ ಇಂಡಿಯಾ ಕಾಯ್ದೆ ತರುತ್ತೇವೆ ಎಂದು 2023ರ ಮಾರ್ಚ್‌ನಲ್ಲಿ ಮೊದಲ ಸಮಾಲೋಚನೆ ನಡೆದದ್ದು ಇದೇ ಬೆಂಗಳೂರಿನಲ್ಲಿ. ಆ ಮಸೂದೆಯನ್ನು ಸಂಸತ್ತು ಇನ್ನೂ ಕಂಡಿಲ್ಲ. ಬ್ರಿಟನ್‌ನ 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆಯಡಿ ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಂ ಬರೆದ ಸಂಹಿತೆಯಲ್ಲಿ, ಪರಿಚಯವಿಲ್ಲದ ಖಾತೆಯಿಂದ ಮಗುವಿಗೆ ನೇರ ಮೆಸೇಜ್ ಹೋಗದಂತೆ, ಅಪರಿಚಿತರಿಗೆ ಮಕ್ಕಳ ಖಾತೆಯನ್ನು ‘ಸ್ನೇಹ ಮಾಡಿಕೊಳ್ಳಿ’ ಎಂದು ತೋರಿಸದಂತೆ ಮಾಡಬೇಕು ಎಂದಿದೆ. ಕಾಯ್ದೆ ಮುರಿದರೆ ಜಗತ್ತಿನಾದ್ಯಂತದ ವಹಿವಾಟಿನ ಶೇ. 10ರವರೆಗೆ ದಂಡ. ನಿಮ್ಮ ಮಗಳ ವಿಚಾರದಲ್ಲಿ ಆ ಮೊದಲ ‘ಹಾಯ್’ ಅಲ್ಲೇ ನಿಲ್ಲಬೇಕಿತ್ತು.

ನಮ್ಮಲ್ಲಿ ಚರ್ಚೆ ವಯಸ್ಸಿನ ಸುತ್ತ ಸುತ್ತುತ್ತಿದೆ. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ ಎಕ್ಸ್ ಕಂಪನಿಯ ಮೇಲ್ಮನವಿ ಕೇಳುವಾಗ, ಶಾಲಾ ಮಕ್ಕಳಿಗೆ ಸಾಮಾಜಿಕ ಜಾಲತಾಣ ನಿಷೇಧಿಸಿದರೆ ಒಳ್ಳೆಯದು, 21 ವರ್ಷದ ಮಿತಿ ಇಡಬಹುದೇನೋ ಎಂದು ಮೌಖಿಕವಾಗಿ ಹೇಳಿತ್ತು. 2025ರ ಡಿಸೆಂಬರ್ 10ರಿಂದ ಆಸ್ಟ್ರೇಲಿಯಾ 16ರೊಳಗಿನವರನ್ನು ಹೊರಗಿಟ್ಟಿದೆ, ನಮ್ಮ ರಾಜ್ಯ ಸರ್ಕಾರವೂ 2026ರ ಬಜೆಟ್‌ನಲ್ಲಿ ಅದೇ ಮಾತಾಡಿದೆ. ಕೇಂದ್ರದ 2023ರ ವೈಯಕ್ತಿಕ ದತ್ತಾಂಶ ಕಾಯ್ದೆ 18ರೊಳಗಿನವರ ಖಾತೆಗೆ ಅಪ್ಪ ಅಮ್ಮನ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ, ತಪ್ಪಿದರೆ 200 ಕೋಟಿಯವರೆಗೆ ದಂಡ. ಆದರೆ ನಿಯಮ ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ, ಆ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಕಾಶ ಕೊಟ್ಟಿದ್ದಾರೆ. ನನಗೇನೋ ಬರೀ ನಿಷೇಧದಲ್ಲಿ ನಂಬಿಕೆ ಕಡಿಮೆ. ಮಗಳನ್ನು ಕೇಳಿ ನೋಡಿ, ಖಾತೆ ತೆರೆಯುವಾಗ ಹುಟ್ಟಿದ ವರ್ಷ ಎಷ್ಟು ಎಂದು ಹಾಕಿದ್ದೆ ಎಂದು. ಮಕ್ಕಳು ಸುಳ್ಳು ಹೇಳಿ ಒಳಗೆ ಹೋದರೆ ಸಿಕ್ಕಿಬಿದ್ದಾಗ ಹೇಳಿಕೊಳ್ಳಲು ಇನ್ನೂ ಹೆದರುತ್ತಾರೆ. ಹೊಣೆ ಹೊರಬೇಕಾದ್ದು ವರ್ಷ ತಿದ್ದಿದ ಹುಡುಗಿಯಲ್ಲ, ಅವಳ ಮುಖ ನೋಡಿ ಯಾವ ಜಾಹೀರಾತು ತೋರಿಸಬೇಕೆಂದು ಲೆಕ್ಕ ಹಾಕಬಲ್ಲವರು.

ದೊಡ್ಡಬಳ್ಳಾಪುರದ ಮಾತಿಗೆ ಬರುತ್ತೇನೆ. ಅಜ್ಜಿಯ ಮನೆಗೆ ನಾಲ್ಕು ದಿನ ಹೋಗಿ ಬರಲಿ, ಅವಳಿಗೇ ಬೇಕೆನಿಸಿದರೆ. ಶಾಲೆ ಬಿಡಿಸಿ ಕಳಿಸುವುದಾದರೆ ಬೇಡ. ಅದನ್ನು ಅವಳು ಶಿಕ್ಷೆ ಎಂದೇ ತಿಳಿಯುತ್ತಾಳೆ, ಅವನ ಮೆಸೇಜ್ ದೊಡ್ಡಬಳ್ಳಾಪುರಕ್ಕೂ ಬರುತ್ತದೆ. ಯಜಮಾನರ ಸಿಟ್ಟು ನನಗೆ ಅರ್ಥವಾಗುತ್ತದೆ. ಮಗಳ ಮೇಲೆ ತೋರಿಸಲಾಗದೆ ಫೋನ್ ಮೇಲೆ ತೋರಿಸುತ್ತಿದ್ದಾರೆ. ಅವರಿಗೆ ಒಂದು ಕೆಲಸ ಕೊಡಿ. ಠಾಣೆಗೆ ಹೋಗುವ ದಿನ ರಾತ್ರಿ ಪಾಳಿ ಬಿಟ್ಟು ಅವರೇ ಮಗಳನ್ನು ಕರೆದುಕೊಂಡು ಹೋಗಲಿ, ನೀವು ಹಿಂದಿನ ಸೀಟಿನಲ್ಲಿ ಕೂರಿ. ಅಪ್ಪ ತನ್ನ ಪಕ್ಕ ಇದ್ದಾನೆ ಎಂಬುದು ಆ ಹುಡುಗಿಗೆ ಈಗ ಗೊತ್ತಿಲ್ಲ.

ಶಾಲೆಗೆ ಸೋಮವಾರವೇ ಹೋಗಿ, ಅವನು ಗ್ರೂಪಿಗೆ ಹಾಕುವ ಮೊದಲು. ಪ್ರಾಂಶುಪಾಲರನ್ನೂ ಕ್ಲಾಸ್ ಟೀಚರನ್ನೂ ಮಾತ್ರ ಭೇಟಿ ಮಾಡಿ, ದೂರಿನ ನಂಬರ್ ತೋರಿಸಿ, ಯಾವುದೇ ಮಗುವಿಗೆ ಅಂಥ ಚಿತ್ರ ಬಂದರೆ ಮುಂದೆ ಕಳಿಸದೆ ತಕ್ಷಣ ಟೀಚರಿಗೆ ಹೇಳಬೇಕು ಎಂದು ಇಡೀ ಕ್ಲಾಸಿಗೆ ಯಾರ ಹೆಸರೂ ಎತ್ತದೆ ಹೇಳಿಸಿ. ಮಗಳ ನಿದ್ದೆ, ಓದು ಇನ್ನೂ ಕೆಲವು ವಾರ ಹೀಗೇ ಇದ್ದರೆ ನಿಮ್ಹಾನ್ಸ್‌ನಲ್ಲಿ ಆನ್‌ಲೈನ್ ಬಳಕೆಯಿಂದ ತೊಂದರೆಗೆ ಸಿಕ್ಕವರಿಗಾಗಿಯೇ ‘ಶಟ್’ ಎಂಬ ಕ್ಲಿನಿಕ್ ಇದೆ, 2014ರಿಂದ ನಡೆಯುತ್ತಿದೆ. ಮೊದಲ ಸಲ ಅವಳನ್ನು ಬಿಟ್ಟು ನೀವೊಬ್ಬರೇ ಹೋಗಿ ಕೇಳಿಕೊಂಡು ಬಂದರೂ ಆಗುತ್ತದೆ. ಇಮೇಲ್‌ಗೆ ಕಂಪನಿ ಏನು ಉತ್ತರ ಕೊಟ್ಟಿತು ಎಂದು, ಬಿಡುವಾದಾಗ, ಹೆಸರಿಲ್ಲದೆಯೇ ಇನ್ನೊಂದು ಕಾಗದ ಹಾಕಿ.